ಮಾಸ್ ಮತ್ತು ಗಾಳಿಯ ತೂಕ

ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಆರಿಸಿಕೊಂಡ ವಿಷಯ ಕೇಳಲು ಭರ್ಜರಿಯಾಗಿತ್ತು. 1.2 ಲೀಟರಿನ ಪೆಟ್ರೋಲ್ ಕಾರ್ ಎಂಜಿನ್‌ಗೆ ಟರ್ಬೊ ಕೂರಿಸಬೇಕಾದರೆ ಎಷ್ಟು ಬೂಸ್ಟ್ ಬೇಕು, ಎಷ್ಟು ದೊಡ್ಡ ಇಂಜೆಕ್ಟರ್ ಬೇಕು, ಯಾವ ಫ್ಯುಯೆಲ್ ಪಂಪ್ ಬೇಕು ಎಂದು ಕಾಗದದ ಮೇಲೆ ಅಂದಾಜು ಮಾಡುವುದು. ಎಂಜಿನ್ ಬಿಚ್ಚುವ ಕೆಲಸವಿಲ್ಲ, ಕೈಗೆ ಗ್ರೀಸ್ ಹತ್ತುವುದಿಲ್ಲ, ಜೇಬಿಗೂ ಭಾರವಿಲ್ಲ. ಮೊದಲ ರಿವ್ಯೂ ದಿನ ಸ್ಲೈಡಿನಲ್ಲಿ ಬೂಸ್ಟ್ 1 ಬಾರ್ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ಆ 1 ಎಲ್ಲಿಂದ ಬಂತು ಎಂದು ಗೈಡ್ ಮೇಡಂ ಕೇಳಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಎಲ್ಲಿಂದಲೂ ಬಂದಿರಲಿಲ್ಲ. ದುಂಡಗಿನ ಸಂಖ್ಯೆ, ನೋಡಲು ಚೆನ್ನಾಗಿತ್ತು, ಹಾಕಿಬಿಟ್ಟಿದ್ದೆವು.

ಆ ಅವಮಾನದ ನಂತರ ಓದಲು ಕೂತಾಗ ಸಿಕ್ಕಿದ್ದು ಮೂರು ಅಂಕಿಗಳು: 350, 230, 356. ಈ ಮೂರು ಅಂಕಿಗಳ ಹಿಂದೆ ಒಬ್ಬ ಮನುಷ್ಯನ ಇಡೀ ಜೀವನ ಇದೆ. ಅವರ ಹೆಸರು ಸ್ಯಾನ್‌ಫರ್ಡ್ ಅಲೆಕ್ಸಾಂಡರ್ ಮಾಸ್. ನಮ್ಮ ಸಿನಿಮಾಗಳ ಮಾಸ್ ಹೀರೊ ಅಲ್ಲ. ಆದರೆ ಫಿಸಿಕ್ಸ್‌ನಲ್ಲಿ ಮಾಸ್ ಎಂದರೆ ದ್ರವ್ಯರಾಶಿ ತಾನೆ? ಈ ಮಾಸ್ ತಮ್ಮ ಜೀವನದ ಬಹುಭಾಗ ಮಾಡಿದ್ದು ಗಾಳಿಯ ಮಾಸ್ ಎಷ್ಟು ಎಂಬ ಲೆಕ್ಕವನ್ನೇ. ಕಾಕತಾಳೀಯ ಅಷ್ಟೆ, ಆದರೂ ನನಗೆ ಹೆಸರು ಮರೆಯದಂತಾಯಿತು.

ಮಾಸ್ ಹುಟ್ಟಿದ್ದು 1872ರಲ್ಲಿ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಹದಿನಾರರ ವಯಸ್ಸಿಗೇ ಗಾಳಿ ಒತ್ತುವ ಕಂಪ್ರೆಸರ್‌ಗಳ ಕೆಲಸ ನಡೆಯುತ್ತಿದ್ದ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದರು. ನಮ್ಮಲ್ಲಿ ಐಟಿಐ ಮುಗಿಸಿ ಲೇತ್ ಮುಂದೆ ನಿಲ್ಲುವ ಹುಡುಗರ ವಯಸ್ಸು ಅದು. ಒತ್ತಿದ ಗಾಳಿಯನ್ನು ಬಿಸಿ ಮಾಡಿದರೆ ಅದರಿಂದ ಇನ್ನೂ ಹೆಚ್ಚು ಕೆಲಸ ತೆಗೆಯಬಹುದು ಎಂಬುದು ಆ ವರ್ಕ್‌ಶಾಪ್ ಕಲಿಸಿದ ಪಾಠ. ಹಾಗಿದ್ದರೆ ಒತ್ತಿದ ಗಾಳಿಯಲ್ಲೇ ಇಂಧನ ಸುಟ್ಟು, ಆ ಬಿಸಿ ಅನಿಲವನ್ನು ಒಂದು ಚಕ್ರದ ಅಲಗುಗಳ ಮೇಲೆ ಹಾಯಿಸಿದರೆ ಏನಾಗುತ್ತದೆ? ಈ ಪ್ರಶ್ನೆ ಹುಡುಗನ ತಲೆಗೆ ಹೊಕ್ಕಿತು, ಕೊನೆಯವರೆಗೂ ಹೊರಗೆ ಹೋಗಲಿಲ್ಲ. ಇಂದು ನಾವು ಗ್ಯಾಸ್ ಟರ್ಬೈನ್ ಎಂದು ಓದುವ ಯಂತ್ರದ ಪ್ರಶ್ನೆಯೇ ಅದು.

ಮುಂದೆ ಅವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಡಿಗ್ರಿ, ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿಂದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1903ರಲ್ಲಿ ಡಾಕ್ಟರೇಟ್ ಮಾಡಿದರು. ವಿಷಯ ಅದೇ, ಗ್ಯಾಸ್ ಟರ್ಬೈನ್. ಬರೀ ಸಮೀಕರಣ ಬರೆದು ಬಿಡಲಿಲ್ಲ, ಯಂತ್ರವನ್ನೂ ಕಟ್ಟಿದರು. ಇಂಧನ ಉರಿಯಿತು, ಟರ್ಬೈನ್ ಚಕ್ರ ತಿರುಗಿತು. ಆದರೆ ಟರ್ಬೈನ್ ಕೊಟ್ಟ ಶಕ್ತಿಗಿಂತ ಗಾಳಿ ಒತ್ತಲು ಕಂಪ್ರೆಸರ್ ತಿಂದ ಶಕ್ತಿಯೇ ಹೆಚ್ಚಾಗಿತ್ತು. ಹತ್ತು ರೂಪಾಯಿ ದುಡಿಯಲು ಹದಿನೈದು ರೂಪಾಯಿ ಬಸ್ ಚಾರ್ಜ್ ಕೊಟ್ಟ ಹಾಗೆ.

ಪದವಿ ಸಿಕ್ಕಿತು, ಯಂತ್ರ ಸೋತಿತು. ಅದೇ ವರ್ಷ ಮಾಸ್ ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಎಂಬ ಊರಿನ ಕಾರ್ಖಾನೆಯಲ್ಲಿ ಅವರಿಗೆ ಗ್ಯಾಸ್ ಟರ್ಬೈನ್ ಪ್ರಯೋಗ ಮುಂದುವರಿಸಲು ಅವಕಾಶವಾಯಿತು. ನಾಲ್ಕು ವರ್ಷ ಒದ್ದಾಡಿದರು. ಯಂತ್ರ ಮೊದಲಿಗಿಂತ ಸುಧಾರಿಸಿತು, ಆದರೆ ಕುಡಿಯುವ ಇಂಧನಕ್ಕೆ ಹೋಲಿಸಿದರೆ ಕೊಡುವ ಕೆಲಸ ತೀರಾ ಕಡಿಮೆ. ಸ್ಟೀಮ್ ಟರ್ಬೈನ್ ಚೆನ್ನಾಗಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಇದಕ್ಕೆ ದುಡ್ಡು ಸುರಿಯಲು ಯಾವ ಕಂಪನಿ ಒಪ್ಪೀತು? 1907ರಲ್ಲಿ ಪ್ರಯೋಗ ನಿಂತಿತು. ಮಾಸ್‌ಗೆ ಆಗ ಮೂವತ್ತೈದು ವಯಸ್ಸು.

ಕಂಪನಿ ಅವರನ್ನು ಮನೆಗೆ ಕಳಿಸಲಿಲ್ಲ, ಬೇರೆ ಕೆಲಸ ಕೊಟ್ಟಿತು. ಸೋತ ಯಂತ್ರದ ಒಂದು ಭಾಗ, ಅಂದರೆ ಗಾಳಿ ಒತ್ತುವ ಕಂಪ್ರೆಸರ್, ತಾನೇ ಒಂದು ಮಾರಾಟದ ಸರಕಾಗಬಹುದು ಎಂದು ಗೊತ್ತಾಗಿತ್ತು. ಕಬ್ಬಿಣ ಕರಗಿಸುವ ಊದುಕುಲುಮೆಗಳಿಗೆ ರಾಶಿಗಟ್ಟಲೆ ಗಾಳಿ ಬೇಕು. ಮುಂದಿನ ಹತ್ತು ವರ್ಷ ಮಾಸ್ ಅಂಥ ಸೆಂಟ್ರಿಫ್ಯೂಗಲ್ ಕಂಪ್ರೆಸರ್‌ಗಳನ್ನು ವಿನ್ಯಾಸ ಮಾಡುತ್ತಾ ಕಳೆದರು. ಜೀವನಚರಿತ್ರೆ ಬರೆಯುವವರು ಈ ಹತ್ತು ವರ್ಷವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೇನೆ. ಆದರೆ ಚಕ್ರದ ವ್ಯಾಸ ಎಷ್ಟಿದ್ದರೆ, ವೇಗ ಎಷ್ಟಿದ್ದರೆ ಗಾಳಿಯ ಒತ್ತಡ ಎಷ್ಟು ಏರುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂದು ಅವರ ಬೆರಳ ತುದಿಯಲ್ಲಿ ಕೂತದ್ದು ಈ ವರ್ಷಗಳಲ್ಲೇ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ವಿಮಾನಗಳಿಗೆ ಆಗ ಒಂದು ಕಾಯಿಲೆ ಇತ್ತು. ಮೇಲೆ ಹೋದಷ್ಟೂ ಎಂಜಿನ್ ಸೊರಗುತ್ತಿತ್ತು. ಕಾರಣ ಸರಳ. ಎಂಜಿನ್ ಒಂದು ಸುತ್ತಿಗೆ ಇಷ್ಟು ಲೀಟರ್ ಎಂದು ಗಾಳಿ ಎಳೆದುಕೊಳ್ಳುತ್ತದೆ. ಆದರೆ ಪೆಟ್ರೋಲ್ ಉರಿಯಲು ಬೇಕಾದದ್ದು ಗಾಳಿಯ ಲೀಟರ್ ಅಲ್ಲ, ಗಾಳಿಯ ತೂಕ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೊ ಗಾಳಿ ಬೇಕು. ಎತ್ತರದಲ್ಲಿ ಗಾಳಿ ತೆಳು. ಅದೇ ಲೀಟರಿನಲ್ಲಿ ತೂಕ ಕಡಿಮೆ, ಹಾಗಾಗಿ ಸುಡಬಹುದಾದ ಪೆಟ್ರೋಲ್ ಕಡಿಮೆ, ಶಕ್ತಿಯೂ ಕಡಿಮೆ.

ಇದಕ್ಕೆ ಮದ್ದು ಏನೆಂದು ಯುರೋಪಿನವರಿಗೆ ಆಗಲೇ ಗೊತ್ತಿತ್ತು. ಎಂಜಿನ್‌ನ ಹೊಗೆಯಿಂದ ಟರ್ಬೈನ್ ತಿರುಗಿಸಿ, ಅದರಿಂದ ಕಂಪ್ರೆಸರ್ ಓಡಿಸುವ ಕಲ್ಪನೆಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಫ್ರಾನ್ಸಿನ ಆಗಸ್ಟ್ ರಾಟೊ ಯುದ್ಧಕಾಲದಲ್ಲಿ ವಿಮಾನ ಎಂಜಿನ್‌ಗೆ ಅಂಥದ್ದೊಂದನ್ನು ಮಾಡಿದ್ದರು. ಹಾಗಾಗಿ ಟರ್ಬೊ ಕಂಡುಹಿಡಿದವರು ಮಾಸ್ ಎಂದು ಬರೆದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ ವಿಮಾನಯಾನದ ಸಲಹಾ ಸಮಿತಿಯ ಮುಖ್ಯಸ್ಥರಾಗಿದ್ದ ವಿಲಿಯಂ ಡ್ಯುರಾಂಡ್ ಈ ಕೆಲಸಕ್ಕೆ ಯಾರು ತಕ್ಕವರು ಎಂದು ಯೋಚಿಸಿದರು. ಮಾಸ್ ಓದುತ್ತಿದ್ದ ಕಾಲದಲ್ಲಿ ಡ್ಯುರಾಂಡ್ ಕಾರ್ನೆಲ್‌ನಲ್ಲಿ ಪಾಠ ಮಾಡುತ್ತಿದ್ದರು. ಶಕ್ತಿ ಸಾಲದೆ ಸೋತ ಟರ್ಬೈನಿನ ಆ ವಿದ್ಯಾರ್ಥಿ ಅವರಿಗೆ ನೆನಪಿದ್ದ. ಜನರಲ್ ಎಲೆಕ್ಟ್ರಿಕ್‌ಗೆ ಪತ್ರ ಹೋಯಿತು.

ಇಲ್ಲಿ ಒಂದು ವಿಷಯ ನನಗೆ ಬಹಳ ಹೊತ್ತು ಯೋಚಿಸಿದ ಮೇಲೆ ಹೊಳೆಯಿತು. ಮಾಸ್ ಅವರ ಪಿಎಚ್‌ಡಿ ಯಂತ್ರದಲ್ಲಿ ಮೂರು ಭಾಗ: ಗಾಳಿ ಒತ್ತುವ ಕಂಪ್ರೆಸರ್, ಇಂಧನ ಸುಡುವ ಕೋಣೆ, ಟರ್ಬೈನ್. ಈಗ ಮಧ್ಯದ ಕೋಣೆಯನ್ನು ತೆಗೆದು ಆ ಜಾಗದಲ್ಲಿ ವಿಮಾನದ ಪಿಸ್ಟನ್ ಎಂಜಿನ್ ಇಡಿ. ಅದೇ ಟರ್ಬೊ! ಟರ್ಬೈನ್ ಹೊರಗಿನ ಕೆಲಸಕ್ಕೆ ಒಂದು ಎಚ್‌ಪಿ ಕೂಡ ಕೊಡಬೇಕಿಲ್ಲ. ಕಂಪ್ರೆಸರ್ ತಿರುಗಿಸುವಷ್ಟು ಕೊಟ್ಟರೆ ಸಾಕು. ಪ್ರೊಪೆಲರ್ ತಿರುಗಿಸುವ ಜವಾಬ್ದಾರಿ ಪಿಸ್ಟನ್‌ಗಳದ್ದು. ಟರ್ಬೈನ್‌ಗೆ ಸಿಗುವ ಬಿಸಿಯೂ ಬಿಟ್ಟಿ. ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಹೇಗಿದ್ದರೂ ಹೊಗೆಯ ಜೊತೆ ಹೊರಗೆ ಹೋಗುತ್ತದೆ. 1903ರಲ್ಲಿ ಯಾವ ಪರೀಕ್ಷೆಯಲ್ಲಿ ಫೇಲ್ ಆಗಿತ್ತೋ ಅದೇ ಯಂತ್ರಕ್ಕೆ 1917ರಲ್ಲಿ ಪಾಸ್ ಮಾರ್ಕ್ಸ್ ಕಡಿಮೆಯಾಗಿತ್ತು.

ಮಾಸ್ ಆರಿಸಿಕೊಂಡ ಎಂಜಿನ್ ಅಮೆರಿಕದ ಲಿಬರ್ಟಿ. ವಿ ಆಕಾರದಲ್ಲಿ 12 ಸಿಲಿಂಡರ್, ಒಟ್ಟು 27 ಲೀಟರ್. ನಮ್ಮ ಪ್ರಾಜೆಕ್ಟಿನ 1.2 ಲೀಟರಿನಂಥವು ಇಪ್ಪತ್ತೆರಡು ಸೇರಿದರೆ ಅದಕ್ಕೆ ಸಮ. ಕೆಂಪಗೆ ಕಾಯುವ ಹೊಗೆಯಲ್ಲಿ ನಿಮಿಷಕ್ಕೆ 20 ಸಾವಿರ ಸುತ್ತಿನಂತೆ ತಿರುಗುವ ಚಕ್ರವನ್ನು ಕಾಪಾಡುವುದು ದೊಡ್ಡ ಸಮಸ್ಯೆ. ಮಾಸ್ ಆ ಚಕ್ರವನ್ನು ಪೆಟ್ಟಿಗೆಯೊಳಗೆ ಮುಚ್ಚಿಡದೆ, ವಿಮಾನದ ಸುತ್ತ ನುಗ್ಗುವ ತಣ್ಣನೆ ಗಾಳಿ ಅದಕ್ಕೆ ನೇರ ತಗಲುವಂತೆ ಹೊರಗೆ ಇಟ್ಟರು.

ಪರೀಕ್ಷೆ ಮಾಡುವುದು ಎಲ್ಲಿ? ನೆಲದ ಮೇಲೆ ಮಾಡಿದರೆ ತೆಳುಗಾಳಿ ಇಲ್ಲ. ವಿಮಾನದಲ್ಲಿ ಕಟ್ಟಿಕೊಂಡು ಹಾರಿದರೆ ಶಕ್ತಿ ಅಳೆಯಲು ಆಗುವುದಿಲ್ಲ, ಕೆಟ್ಟರೆ ಪೈಲಟ್‌ನ ಪ್ರಾಣಕ್ಕೆ ಕುತ್ತು. ಹಾಗಾಗಿ ಎಂಜಿನ್ನನ್ನೇ ಬೆಟ್ಟಕ್ಕೆ ಹೊತ್ತೊಯ್ಯಲು ನಿರ್ಧಾರವಾಯಿತು. ಕೊಲರಾಡೊ ರಾಜ್ಯದ ಪೈಕ್ಸ್ ಪೀಕ್ ಪರ್ವತದ ತುದಿಗೆ ಕೆಲವೇ ವರ್ಷದ ಹಿಂದೆ ಮೋಟಾರು ರಸ್ತೆ ಆಗಿತ್ತು. ಎತ್ತರ 14,109 ಅಡಿ, ಅಂದರೆ ಸುಮಾರು 4,300 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಹೆಚ್ಚು. 1918ರ ಶರತ್ಕಾಲದಲ್ಲಿ ಲಿಬರ್ಟಿ ಎಂಜಿನ್ನನ್ನು, ಶಕ್ತಿ ಅಳೆಯುವ ಸಲಕರಣೆ ಸಮೇತ ಟ್ರಕ್ಕಿನ ಮೇಲೆ ಕಟ್ಟಿ, ತಿರುವು ತಿರುವಾಗಿ ಆ ರಸ್ತೆಯಲ್ಲಿ ಮೇಲೆ ಒಯ್ದರು. ನಡೆದರೇ ಏದುಸಿರು ಬರುವ ಜಾಗದಲ್ಲಿ ಸ್ಪ್ಯಾನರ್ ಹಿಡಿದು ಕೆಲಸ ಮಾಡಿದರು.

ಈಗ ಆ ಮೂರು ಅಂಕಿಗಳು. ಲಿಬರ್ಟಿ ಎಂಜಿನ್ ಸಮುದ್ರಮಟ್ಟದ ಲೆಕ್ಕದಲ್ಲಿ ಕೊಟ್ಟ ಶಕ್ತಿ 350 ಎಚ್‌ಪಿ. ಪರ್ವತದ ತುದಿಯಲ್ಲಿ ಟರ್ಬೊ ಇಲ್ಲದೆ 230. ಅದೇ ತುದಿಯಲ್ಲಿ ಟರ್ಬೊ ಸೇರಿಸಿದಾಗ 356.

ಈ ಅಂಕಿಗಳನ್ನು ನೋಡಿದ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಪ್ರಮಾಣಿತ ವಾತಾವರಣದ ಕೋಷ್ಟಕದಂತೆ 4,300 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ 0.59 ಪಾಲು. ಅಲ್ಲಿ ಗಾಳಿ ತಣ್ಣಗೂ ಇರುವುದರಿಂದ ಸ್ವಲ್ಪ ದಟ್ಟ, ಹಾಗಾಗಿ ಸಾಂದ್ರತೆ 0.65 ಪಾಲು. 350ನ್ನು 0.65ರಿಂದ ಗುಣಿಸಿದೆ. 228 ಬಂತು. ಅವರು ಅಳೆದದ್ದು 230! ನೂರು ವರ್ಷಕ್ಕೂ ಹಿಂದೆ ಯಾವುದೋ ಬೆಟ್ಟದ ಮೇಲೆ ಅಳೆದ ಸಂಖ್ಯೆ ನನ್ನ ಹಾಸ್ಟೆಲ್ ರೂಮಿನ ನೋಟ್‌ಬುಕ್ಕಿನಲ್ಲಿ ಹೀಗೆ ಎದ್ದು ಬಂದಾಗ ಆದ ಖುಷಿ ಹೇಳಲಾರೆ. ಪಕ್ಕದ ಮಂಚದವನನ್ನು ಎಬ್ಬಿಸಿ ತೋರಿಸಿದೆ. ಅವನು ನೋಡಿ ಮತ್ತೆ ಮಲಗಿದ.

ಮುಂದಿನ ಹೆಜ್ಜೆ, ಕಳೆದುಹೋದದ್ದನ್ನು ಮರಳಿ ತರುವುದು. ಹೊರಗೆ ಒತ್ತಡ 0.59 ಇದ್ದರೆ ಅದನ್ನು 1ಕ್ಕೆ ಏರಿಸಲು ಕಂಪ್ರೆಸರ್ ಗಾಳಿಯನ್ನು ಸುಮಾರು 1.7 ಪಟ್ಟು ಒತ್ತಬೇಕು. ಮಾಸ್‌ಗೆ ಬೇಕಿದ್ದ ಬೂಸ್ಟ್ ಹೀಗೆ ಪರ್ವತದ ಎತ್ತರದಿಂದಲೇ ಹುಟ್ಟಿತು. ಚೆನ್ನಾಗಿ ಕಂಡಿತು ಎಂದು ಯಾರೂ ಹಾಕಿದ್ದಲ್ಲ.

ಆದರೆ ಇಲ್ಲೊಂದು ಮೋಸ ಇದೆ. ಸೈಕಲ್ ಪಂಪ್ ಹೊಡೆದವರಿಗೆ ಗೊತ್ತು, ಒತ್ತಿದ ಗಾಳಿ ಬಿಸಿಯಾಗುತ್ತದೆ. ಹೊರಗಿನ ಗಾಳಿ 0 ಡಿಗ್ರಿ ಇದ್ದರೂ 1.7 ಪಟ್ಟು ಒತ್ತಿದರೆ, ಪರಿಪೂರ್ಣ ಕಂಪ್ರೆಸರ್ ಆದರೆ 45 ಡಿಗ್ರಿ ಏರುತ್ತದೆ. ಕಂಪ್ರೆಸರ್‌ನ ದಕ್ಷತೆ ನೂರಕ್ಕೆ 60 ಎಂದಿಟ್ಟುಕೊಂಡರೆ 75 ಡಿಗ್ರಿ. ಬಿಸಿ ಗಾಳಿ ಮತ್ತೆ ತೆಳು. ಒತ್ತಡ ಪೂರ್ತಿ ಮರಳಿದರೂ ತೂಕದಲ್ಲಿ ಸುಮಾರು ಆರನೇ ಒಂದು ಭಾಗ ಖೋತಾ. ಅದಕ್ಕೇ ಇನ್ನಷ್ಟು ಒತ್ತಬೇಕು, ಇಲ್ಲವೇ ಗಾಳಿಯನ್ನು ದಾರಿಯಲ್ಲಿ ತಣಿಸಬೇಕು. ಇಂದು ಕಾರುಗಳಲ್ಲಿ ಇಂಟರ್‌ಕೂಲರ್ ಎಂದು ಕರೆಯುವ ಚಿಕ್ಕ ರೇಡಿಯೇಟರ್ ಮಾಡುವುದು ಈ ಕೆಲಸವನ್ನೇ. ನಮ್ಮ ಮೊದಲ ಸ್ಲೈಡಿನಲ್ಲಿ ಉಷ್ಣತೆ ಎಂಬ ಪದವೇ ಇರಲಿಲ್ಲ!

ಇನ್ನು ಪೆಟ್ರೋಲ್. ಪತ್ರಿಕೆಗಳಲ್ಲಿ ಟರ್ಬೊ ಬಗ್ಗೆ ಬರೆಯುವವರು ಗಾಳಿಯ ಬಗ್ಗೆಯೇ ಬರೆಯುತ್ತಾರೆ. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ಒಣಗುತ್ತದೆ. ಒಣ ಮಿಶ್ರಣ, ಬಿಸಿ ಗಾಳಿ, ಹೆಚ್ಚು ಒತ್ತಡ ಮೂರೂ ಸೇರಿದರೆ ಎಂಜಿನ್ ನಾಕ್ ಹೊಡೆಯುತ್ತದೆ, ಪಿಸ್ಟನ್ ತೂತಾಗುತ್ತದೆ. ಆ ಕಾಲದ ಎಂಜಿನ್‌ಗೆ ಒಂದು ಎಚ್‌ಪಿಗೆ ಗಂಟೆಗೆ ಕಾಲು ಕಿಲೊ ಪೆಟ್ರೋಲ್ ಎಂದು ಹಿಡಿಯಿರಿ. ಬೆಟ್ಟದ ಮೇಲೆ 230 ಎಚ್‌ಪಿಗೆ ಸುಮಾರು 57 ಕಿಲೊ ಸಾಕು, 356ಕ್ಕೆ 89 ಕಿಲೊ ಬೇಕು. ಆ ಹೆಚ್ಚಿನ 32 ಕಿಲೊವನ್ನು ಕಾರ್ಬ್ಯುರೇಟರ್ ಕೊಡಲೇಬೇಕು. ಮಾಸ್ ಅವರ ಏರ್ಪಾಟಿನಲ್ಲಿ ಒತ್ತಿದ ಗಾಳಿ ಕಾರ್ಬ್ಯುರೇಟರ್ ಮೂಲಕ ಹಾಯುತ್ತದೆ. ಆಗ ಅದರ ಪೆಟ್ರೋಲ್ ಬಟ್ಟಲಿನ ಮೇಲೂ ಅದೇ ಒತ್ತಡ ಇರಬೇಕು. ಇಲ್ಲದಿದ್ದರೆ ನುಗ್ಗುವ ಗಾಳಿ ಪೆಟ್ರೋಲನ್ನು ವಾಪಸ್ ತಳ್ಳುತ್ತದೆ. ಟ್ಯಾಂಕಿನಿಂದ ಬರುವ ಪಂಪ್ ಆ ಹೆಚ್ಚಿನ ಒತ್ತಡವನ್ನೂ ಮೀರಿ ಪೆಟ್ರೋಲ್ ನೂಕಬೇಕು. ಗಾಳಿಯ ಕಡೆ ಕೈ ಇಟ್ಟರೆ ಪೆಟ್ರೋಲಿನ ಕಡೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ.

ಪೈಕ್ಸ್ ಪೀಕ್ ಪರೀಕ್ಷೆ ಗೆದ್ದಿತು. ಆದರೆ 1918ರ ನವೆಂಬರ್ 11ರಂದು ಯುದ್ಧವೇ ಮುಗಿಯಿತು. ಯುದ್ಧಕ್ಕೆಂದು ಮಾಡಿದ ಯಂತ್ರ ಯುದ್ಧ ಮುಗಿಯುವ ಹೊತ್ತಿಗೆ ಸಿದ್ಧವಾಗಿತ್ತು! ಆದರೂ ಓಹಿಯೊ ರಾಜ್ಯದ ಡೇಟನ್ ಊರಿನ ಮೆಕುಕ್ ಫೀಲ್ಡ್‌ನಲ್ಲಿದ್ದ ಸೇನೆಯ ಎಂಜಿನಿಯರುಗಳು ಇದನ್ನು ಬಿಡಲಿಲ್ಲ. ಟರ್ಬೊ ಕೂರಿಸಿದ ಲಿಬರ್ಟಿ ಎಂಜಿನ್ನನ್ನು ಲೆ ಪೆರ್ ಎಂಬ ಎರಡು ರೆಕ್ಕೆ ಜೋಡಿಯ ವಿಮಾನಕ್ಕೆ ಕಟ್ಟಿದರು.

1920ರ ಫೆಬ್ರವರಿ 27ರಂದು ಮೇಜರ್ ರುಡಾಲ್ಫ್ ಶ್ರೋಡರ್ ಆ ವಿಮಾನವನ್ನು 33 ಸಾವಿರ ಅಡಿಗೂ ಮೇಲೆ ಒಯ್ದರು. ಎವರೆಸ್ಟ್ ಶಿಖರಕ್ಕಿಂತ ಎತ್ತರ, ಅದೂ ತೆರೆದ ಕಾಕ್‌ಪಿಟ್‌ನಲ್ಲಿ. ಅಲ್ಲಿ ಗಾಳಿಯ ಒತ್ತಡ ನೆಲದ ಕಾಲು ಭಾಗ, ಚಳಿ ಮೈನಸ್ 50 ಡಿಗ್ರಿಗೂ ಕೆಳಗೆ. ಎಂಜಿನ್‌ಗೆ ಉಸಿರಾಡಲು ಮಾಸ್ ಅವರ ಟರ್ಬೊ ಇತ್ತು. ಮನುಷ್ಯನಿಗೆ ಇದ್ದದ್ದು ಆಮ್ಲಜನಕದ ಸಿಲಿಂಡರ್ ಮಾತ್ರ, ಅದು ಕೈಕೊಟ್ಟಿತು. ಸರಿಪಡಿಸಲು ಶ್ರೋಡರ್ ಕನ್ನಡಕ ಮೇಲೆತ್ತಿದಾಗ ಕಣ್ಣಿನ ಪಸೆ ಹೆಪ್ಪುಗಟ್ಟಿತು, ಪ್ರಜ್ಞೆ ತಪ್ಪಿತು. ವಿಮಾನ ಮೈಲುಗಟ್ಟಲೆ ಕೆಳಗೆ ಬಿತ್ತು. ನೆಲಕ್ಕೆ ಹತ್ತಿರವಾದಾಗ ಎಚ್ಚರವಾಗಿ, ಸರಿಯಾಗಿ ಕಾಣದ ಕಣ್ಣಿನಲ್ಲೇ ವಿಮಾನ ಇಳಿಸಿ ಬದುಕಿದರು. ಮರುವರ್ಷ ಜಾನ್ ಮೆಕ್ರೆಡಿ ಎಂಬ ಪೈಲಟ್ ಇನ್ನೂ ಎತ್ತರಕ್ಕೆ ಹೋಗಿ ಬಂದರು. ಎಂಜಿನ್ನಿನ ಲೆಕ್ಕ ಮನುಷ್ಯನ ಶ್ವಾಸಕೋಶದ ಲೆಕ್ಕವನ್ನು ಹಿಂದೆ ಹಾಕಿತ್ತು.

ಇದಾದ ಮೇಲೆ ಎಲ್ಲರೂ ಟರ್ಬೊ ಕೊಂಡರು ಎಂದುಕೊಳ್ಳುತ್ತೀರಿ. ಇಲ್ಲ. ಸುಮಾರು ಹದಿನೈದು ವರ್ಷ ಅದು ಪ್ರಯೋಗಶಾಲೆಗೂ ಕೆಲವೇ ವಿಮಾನಗಳಿಗೂ ಸೀಮಿತವಾಯಿತು. ಗೇರಿನಿಂದ ಓಡುವ ಸೂಪರ್‌ಚಾರ್ಜರ್ ಸುಲಭ, ನಂಬಿಕಸ್ಥ ಎನಿಸಿತ್ತು. ಟರ್ಬೊದಲ್ಲಿ ಕೆಂಪಗೆ ಕಾಯ್ದ ಚಕ್ರದ ಅಲಗುಗಳು ಹಿಗ್ಗುತ್ತಿದ್ದವು, ಮುರಿಯುತ್ತಿದ್ದವು. ಮಾಸ್ ಐವತ್ತು ದಾಟಿದರು, ಅರವತ್ತು ದಾಟಿದರು. ಅವರ ಲೆಕ್ಕ ಸರಿಯಿತ್ತು, ಲೋಹ ಸಿಕ್ಕಿರಲಿಲ್ಲ. ಮುಂದೆ ಲೋಹವೂ ಬಂತು. ಅದರಲ್ಲೊಂದು ತಮಾಷೆ ಇದೆ. ಎರಡನೇ ಮಹಾಯುದ್ಧದಲ್ಲಿ ಟರ್ಬೊ ಅಲಗುಗಳಿಗೆ ಬಳಸಿದ ವಿಟಾಲಿಯಂ ಎಂಬ ಕೋಬಾಲ್ಟ್ ಮಿಶ್ರಲೋಹ ಮೊದಲು ಬಂದದ್ದು ಕೃತಕ ಹಲ್ಲು ಕಟ್ಟುವ ದಂತವೈದ್ಯರ ಕೆಲಸಕ್ಕೆ. ಮೇಣದ ಅಚ್ಚಿನಲ್ಲಿ ಹಲ್ಲು ಎರಕ ಹೊಯ್ಯುವ ವಿಧಾನದಲ್ಲೇ ಟರ್ಬೈನ್ ಅಲಗುಗಳನ್ನೂ ಎರಕ ಹೊಯ್ದರು.

1938ರಲ್ಲಿ ಮಾಸ್ ನಿವೃತ್ತರಾದರು. ಅದೇ ವರ್ಷ ಬೋಯಿಂಗ್ ಬಿ-17 ಬಾಂಬರ್ ಟರ್ಬೊಗಳೊಂದಿಗೆ ಹಾರಿತು. ಯುದ್ಧದ ಮೋಡ ಕವಿಯುತ್ತಿತ್ತು. ಮನೆ ಸೇರಿದ ಮುದುಕರನ್ನು ಕಂಪನಿ ಮತ್ತೆ ಕರೆಸಿತು. 1940ನೇ ಸಾಲಿನ ಕಾಲಿಯರ್ ಟ್ರೋಫಿ, ಅಮೆರಿಕದ ವಿಮಾನಯಾನದ ದೊಡ್ಡ ಗೌರವ, ಮಾಸ್‌ಗೂ ಸೇನೆಯ ವಾಯುದಳಕ್ಕೂ ಜಂಟಿಯಾಗಿ ಸಂದಿತು. ಪೈಕ್ಸ್ ಪೀಕ್ ಏರಿ ಇಪ್ಪತ್ತೆರಡು ವರ್ಷ ಕಳೆದಿತ್ತು. ಬಿ-17, ಬಿ-24 ಬಾಂಬರ್‌ಗಳ ಪ್ರತಿ ಎಂಜಿನ್‌ಗೂ ಒಂದೊಂದು ಟರ್ಬೊ. 25 ಸಾವಿರ ಅಡಿ ಎತ್ತರದಲ್ಲಿ ಹೊರಗಿನ ಒತ್ತಡ 0.37 ಪಾಲು, ಅಂದರೆ ಸಮುದ್ರಮಟ್ಟದ ಒತ್ತಡ ಬೇಕೆಂದರೆ ಗಾಳಿಯನ್ನು 2.7 ಪಟ್ಟು ಒತ್ತಬೇಕು. 1918ರ 1.7ರಿಂದ ಇಲ್ಲಿಗೆ ಬರಲು ಅಷ್ಟು ವರ್ಷ ಹಿಡಿಯಿತು. ಆ ವಿಮಾನಗಳು ಊರುಗಳ ಮೇಲೆ ಏನು ಸುರಿದವು ಎಂಬುದೂ ಈ ಕಥೆಯ ಭಾಗವೇ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ಆ ಬಿ-24 ಲಿಬರೇಟರ್‌ಗಳಿಗೆ ನಮ್ಮ ಬೆಂಗಳೂರಿನ ನಂಟೂ ಇದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಹತ್ತಾರು ಲಿಬರೇಟರ್‌ಗಳು ಗುಜರಿ ಸ್ಥಿತಿಯಲ್ಲಿ ಬಿದ್ದಿದ್ದವು. ಬೆಂಗಳೂರಿನ ಎಚ್‌ಎಎಲ್‌ನವರು ಅವನ್ನು ಹಾರುವ ಮಟ್ಟಿಗೆ ಸರಿಪಡಿಸಿ, ಬೆಂಗಳೂರಿಗೆ ಹಾರಿಸಿ ತಂದು, ಪೂರ್ತಿ ದುರಸ್ತಿ ಮಾಡಿ ವಾಯುಪಡೆಗೆ ಕೊಟ್ಟರು. 1948ರ ಕೊನೆಗೆ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಕಟ್ಟಿದ್ದು ಈ ವಿಮಾನಗಳಿಂದಲೇ. 1960ರ ದಶಕದವರೆಗೂ ಲಿಬರೇಟರ್‌ಗಳು ನಮ್ಮ ಆಕಾಶದಲ್ಲಿದ್ದವು.

ಮಾಸ್ ಬದುಕಿನ ಕೊನೆಯ ತಿರುವು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. 1941ರಲ್ಲಿ ಬ್ರಿಟನ್ನಿನ ಫ್ರಾಂಕ್ ವಿಟಲ್ ಅವರ ಜೆಟ್ ಎಂಜಿನ್ ಗುಟ್ಟಾಗಿ ಅಮೆರಿಕಕ್ಕೆ ಬಂತು. ಅದನ್ನು ನೋಡಿ ಅಲ್ಲೇ ತಯಾರಿಸುವ ಕೆಲಸ ಯಾರಿಗೆ ಕೊಡುವುದು? ಬಿಸಿ ಅನಿಲದ ಟರ್ಬೈನ್, ಅದರ ಜೊತೆ ಕಂಪ್ರೆಸರ್, ಎರಡೂ ಗೊತ್ತಿದ್ದ ಕಾರ್ಖಾನೆ ಟರ್ಬೊ ಮಾಡುತ್ತಿದ್ದ ಜನರಲ್ ಎಲೆಕ್ಟ್ರಿಕ್‌ನದ್ದು. ಎಂಜಿನ್ ನೇರ ಲಿನ್‌ಗೆ ಹೋಯಿತು. 1942ರ ಅಕ್ಟೋಬರ್‌ನಲ್ಲಿ ಅಲ್ಲಿ ತಯಾರಾದ ಎಂಜಿನ್‌ಗಳಿಂದ ಅಮೆರಿಕದ ಮೊದಲ ಜೆಟ್ ವಿಮಾನ ಹಾರಿತು. ಜೆಟ್ ಎಂಜಿನ್ ಎಂದರೇನು? ಕಂಪ್ರೆಸರ್, ಇಂಧನ ಸುಡುವ ಕೋಣೆ, ಟರ್ಬೈನ್. 1903ರಲ್ಲಿ ಕಾರ್ನೆಲ್‌ನಲ್ಲಿ ಸೋತ ಅದೇ ಮೂರು ಭಾಗಗಳು. 1907ರಲ್ಲಿ ಆ ಪ್ರಯೋಗ ನಿಂತಿದ್ದ ಅದೇ ಊರು. ಮಾಸ್ 1946ರಲ್ಲಿ ತೀರಿಕೊಂಡರು, ಇದೆಲ್ಲ ಆದ ನಂತರ.

ಕಾರಿನ ಟರ್ಬೊ ಮಾತ್ರ ಅವರು ನೋಡಲಿಲ್ಲ. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್, ಶೆವ್ರೊಲೆ ಕೋರ್ವೇರ್ ಎಂಬ ಎರಡು ಟರ್ಬೊ ಕಾರುಗಳು ಬಂದವು. ಜೆಟ್‌ಫೈರ್‌ನಲ್ಲಿ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಪ್ರತ್ಯೇಕ ಟ್ಯಾಂಕಿನಿಂದ ಚಿಮುಕಿಸುತ್ತಿದ್ದರು. ಕಾರು ಕೊಂಡವರು ಆ ಟ್ಯಾಂಕ್ ತುಂಬಿಸಲು ಮರೆಯುತ್ತಿದ್ದರು. ಖಾಲಿಯಾದರೆ ಬೂಸ್ಟ್ ತಾನೇ ಇಳಿಯುವಂತೆ ಮಾಡಿದ್ದರು, ಹೊಸ ಕಾರು ಎಳೆಯುತ್ತಿಲ್ಲ ಎಂದು ಮಾಲೀಕರು ಗೊಣಗುತ್ತಿದ್ದರು. ಗಾಳಿಯ ಲೆಕ್ಕ ಸರಿ ಇದ್ದರೂ ಟ್ಯಾಂಕಿನ ಕಡೆಯ ಲೆಕ್ಕ ತಪ್ಪಿದರೆ ಹೀಗೇ.

ನಮ್ಮ ಪ್ರಾಜೆಕ್ಟಿಗೆ ವಾಪಸ್ ಬರುತ್ತೇನೆ. ಸಮುದ್ರಮಟ್ಟದಲ್ಲಿ 85 ಎಚ್‌ಪಿ ಕೊಡುವ ಎಂಜಿನ್ ಎಂದಿಟ್ಟುಕೊಂಡೆವು, ಗುರಿ 120. ಅಂದರೆ 1.41 ಪಟ್ಟು ಗಾಳಿಯ ತೂಕ ಬೇಕು. ಇಂಟರ್‌ಕೂಲರ್ ದಾಟಿದ ಗಾಳಿ 30ರ ಬದಲು 50 ಡಿಗ್ರಿ ಇರುತ್ತದೆ ಎಂದು ಹಿಡಿದರೆ ಒತ್ತಡ 1.5 ಪಟ್ಟು ಬೇಕು. ಬೂಸ್ಟ್ ಅರ್ಧ ಬಾರ್, ಮೊದಲು ಹಾಕಿದ್ದ ಸಂಖ್ಯೆಯ ಅರ್ಧ. ಇದು ಮಂಗಳೂರಿನ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿ ಒತ್ತಡ 0.9 ಪಾಲು. ಅದೇ 120 ಎಚ್‌ಪಿಗೆ ಅಲ್ಲಿ ಕಂಪ್ರೆಸರ್ 1.67 ಪಟ್ಟು ಒತ್ತಬೇಕು. ಇದೂ ಒಂದು ಪುಟ್ಟ ಪೈಕ್ಸ್ ಪೀಕ್.

ಪೆಟ್ರೋಲಿಗೆ ಬಂದರೆ, ಟರ್ಬೊ ಎಂಜಿನ್ ಎಂದು ಸ್ವಲ್ಪ ಧಾರಾಳವಾಗಿ ಎಚ್‌ಪಿಗೆ ಗಂಟೆಗೆ 270 ಗ್ರಾಂ ಹಿಡಿದೆವು. ಒಟ್ಟು 32.4 ಕಿಲೊ, ನಾಲ್ಕು ಇಂಜೆಕ್ಟರ್‌ಗೆ ಹಂಚಿದರೆ ತಲಾ 8.1 ಕಿಲೊ. ಇಂಜೆಕ್ಟರ್ ನೂರಕ್ಕೆ 80ರಷ್ಟು ಸಮಯ ಮಾತ್ರ ತೆರೆದಿರಲಿ ಎಂದು ಬಿಟ್ಟರೆ ನಿಮಿಷಕ್ಕೆ ಸುಮಾರು 225 ಸಿಸಿ ಕೊಡುವ ಇಂಜೆಕ್ಟರ್ ಬೇಕು. ರೈಲಿನ ಒತ್ತಡ 3 ಬಾರ್‌ಗೇ ನಿಂತರೆ, ಎದುರಿಗೆ ಅರ್ಧ ಬಾರ್ ಬೂಸ್ಟ್ ಇರುವುದರಿಂದ ಇಂಜೆಕ್ಟರ್‌ಗೆ ಸಿಗುವುದು ಎರಡೂವರೆ. ಹರಿವು ಒತ್ತಡದ ವರ್ಗಮೂಲದಂತೆ ಇಳಿಯುತ್ತದೆ, ಪೆಟ್ರೋಲ್ ನೂರಕ್ಕೆ 9ರಷ್ಟು ಕಡಿಮೆ, ಅದೂ ಹೆಚ್ಚು ಬೇಕಾದ ಹೊತ್ತಿನಲ್ಲೇ. ಹಾಗಾಗಿ ಬೂಸ್ಟ್ ಏರಿದಷ್ಟೂ ರೈಲಿನ ಒತ್ತಡವೂ ಏರುವ ರೆಗ್ಯುಲೇಟರ್ ಬೇಕು. ಪೆಟ್ರೋಲ್ ಬಟ್ಟಲಿಗೆ ಗಾಳಿಯ ಒತ್ತಡ ಕೊಡುತ್ತಿದ್ದ ಆ ಹಳೆಯ ಏರ್ಪಾಟೇ ಇದು, ರೂಪ ಮಾತ್ರ ಬೇರೆ.

ಎರಡನೇ ರಿವ್ಯೂನಲ್ಲಿ ಈ ಎಲ್ಲವನ್ನೂ ಹೇಳಿದೆವು. ಮೇಡಂ ಬೂಸ್ಟ್ ಎಲ್ಲಿಂದ ಬಂತು ಎಂದು ಕೇಳಲಿಲ್ಲ. ಪಂಪ್ ಗಂಟೆಗೆ 55 ಲೀಟರ್ ಎಂದು ಬರೆದದ್ದನ್ನು ನೋಡಿ, ಅದು ಎಷ್ಟು ಒತ್ತಡದಲ್ಲಿ ಎಂದು ಕೇಳಿದರು. ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ, ನಮ್ಮದು ಮೂರೂವರೆ ಬಾರ್‌ನಲ್ಲಿ 55 ಕೊಡಬೇಕು. ನಾವು ನೋಡಿದ್ದ ಪಟ್ಟಿಯಲ್ಲಿ ಇದ್ದದ್ದು 3 ಬಾರ್‌ನ ಹರಿವು. ಮುಂದಿನ ಸೋಮವಾರ ಮತ್ತೆ ಬರಲು ಹೇಳಿದ್ದಾರೆ.